ಐದೇ ಭೇಟಿ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಆಪ್ತಸಮಾಲೋಚನೆ ಕಲಿಯುತ್ತಿದ್ದೇನೆ. ನನ್ನ ಬಳಿ ಬರುವ ಒಬ್ಬರಿಗೆ ಆಫೀಸಿನ ಮೀಟಿಂಗ್‌ನಲ್ಲಿ ಮಾತಾಡಲು ವಿಪರೀತ ಭಯ. ಹಿಂದಿನ ರಾತ್ರಿ ನಿದ್ದೆಯೇ ಬರುವುದಿಲ್ಲವಂತೆ. ನಮಗೆ ಸಿಗುವುದು ಐದೇ ಭೇಟಿ. ಯಾವ ಸಿದ್ಧಾಂತ ಹಿಡಿಯಲಿ, ಮೇಡಂ?

ಉತ್ತರ: ಐದು ಕಡಿಮೆಯೇನಲ್ಲ. ಅಮೆರಿಕದ ಪಾಲೊ ಆಲ್ಟೊ ಊರಿನ ಚಿಕಿತ್ಸಕರ ತಂಡವೊಂದು 1960ರ ದಶಕದಲ್ಲೇ ಹತ್ತು ಭೇಟಿಯ ಮಿತಿ ಹಾಕಿಕೊಂಡು ಕೆಲಸ ಶುರು ಮಾಡಿತ್ತು. ಸಮಸ್ಯೆ ಬಿಡಿಸಲು ಮಾಡುವ ಪ್ರಯತ್ನವೇ ಎಷ್ಟೋ ಸಲ ಅದನ್ನು ಉಳಿಸುತ್ತದೆ ಅನ್ನುವುದು ಅವರ ಮುಖ್ಯ ಮಾತು. ಹಾಗಾಗಿ ಮೊದಲು ಕೇಳಿ, ಭಯ ಹೋಗಲಿ ಅಂತ ಅವರು ಏನೇನು ಮಾಡುತ್ತಾರೆ? ರಾತ್ರಿಯೆಲ್ಲ ಮಾತು ಬಾಯಿಪಾಠ ಮಾಡುತ್ತಾರಾ? ಹಾಗಿದ್ದರೆ ಒಂದು ರಾತ್ರಿ ಅದನ್ನು ಬಿಟ್ಟು ನೋಡಲಿ.

ಆಮೇಲೆ ಚಿಕಿತ್ಸಕರಾದ ಸ್ಟೀವ್ ಡಿ ಶೇಜರ್, ಇನ್ಸೂ ಕಿಮ್ ಬರ್ಗ್ ದಂಪತಿಯ ಪರಿಹಾರ ಕೇಂದ್ರಿತ ವಿಧಾನ, ಅಂದರೆ ಸಮಸ್ಯೆ ಕೆದಕುವ ಬದಲು ಈಗಾಗಲೇ ಸರಿಹೋಗಿರುವುದನ್ನು ಹುಡುಕಿ ಬೆಳೆಸುವುದು. ಭಯ ಕಡಿಮೆ ಇದ್ದ ಒಂದಾದರೂ ಮೀಟಿಂಗ್ ಹುಡುಕಿಸಿ. ಅವತ್ತು ಏನು ಬೇರೆ ಇತ್ತು? ಯಾರು ಪಕ್ಕದಲ್ಲಿದ್ದರು? ಸೊನ್ನೆಯಿಂದ ಹತ್ತರಲ್ಲಿ ಇವತ್ತು ಧೈರ್ಯ ಎಷ್ಟು ಅಂತಲೂ ಕೇಳಿ. ಮೂರು ಅಂದರೆ, ‘ಹತ್ತು ಯಾಕಿಲ್ಲ’ ಅನ್ನಬೇಡಿ. ‘ಸೊನ್ನೆ ಬಿಟ್ಟು ಮೂರಕ್ಕೆ ಹೇಗೆ ಬಂದಿರಿ’ ಅನ್ನಿ. ನಾನು ಹೊಸದರಲ್ಲಿ ಇಲ್ಲೇ ಎಡವಿದ್ದೆ. ಎದುರಿಗಿದ್ದವರು ತಲೆ ತಗ್ಗಿಸಿ ಸುಮ್ನೆ ಕೂತುಬಿಟ್ಟರು. ನಿಮ್ಮ ಬಳಿ ಬರುವವರ ಬಾಯಿಂದಲೇ ಬರುವ ಮುಂದಿನ ಹೆಜ್ಜೆ ಚಿಕ್ಕದಿರಲಿ, ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ ಕೇಳುವಷ್ಟು.

ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ ಅಥವಾ ಬದುಕೇ ಬೇಡ ಅನ್ನುವ ಮಾತು ಬಂದರೆ ಭೇಟಿಗಳ ಲೆಕ್ಕ ಬದಿಗಿಡಿ. ಅವತ್ತೇ ನಿಮ್ಮ ಮೇಲ್ವಿಚಾರಕರಿಗೆ ಹೇಳಿ, ಮನೋವೈದ್ಯರ ಬಳಿ ಕಳಿಸಿ.