ಸಿನಿಮಾ ಪ್ರೀತಿಸುವವರಿಗೆ ರಾಜಕೀಯ ಯಾಕೆ ಬೇಕು?

ನಿಮ್ಮ ಪ್ರಶ್ನೆ ಇದು: "ನೀವು ಸಿನಿಮಾ ಬಗ್ಗೆ ಚೆನ್ನಾಗಿ ಬರೆಯುತ್ತೀರಿ. ಆದರೆ ಮಧ್ಯೆ ಮಧ್ಯೆ ರಾಜಕೀಯ, ಟಿವಿ ಸುದ್ದಿ ಅಂತ ಯಾಕೆ ಹೋಗುತ್ತೀರಿ? ಸಿನಿಮಾ ಇಷ್ಟಪಡುವವರು ಸಿನಿಮಾ ನೋಡಿಕೊಂಡು ಇದ್ದರೆ ಸಾಲದೇ?"

ಇದೇ ಮಾತನ್ನು ಸಿಟ್ಟಿನಿಂದ ಹೇಳಿದವರು ಬೇಕಾದಷ್ಟು ಜನ ಇದ್ದಾರೆ. ನೀವು ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿ ಉತ್ತರ ಕೊಡುತ್ತಿದ್ದೇನೆ.

ಸಿನಿಮಾ ನೋಡುತ್ತಾ ನೋಡುತ್ತಾ ನನ್ನ ಕಣ್ಣಿಗೆ ಒಂದು ಅಭ್ಯಾಸ ಬಂತು. ಕ್ಯಾಮೆರಾ ಎಲ್ಲಿ ಇಟ್ಟಿದ್ದಾರೆ? ಯಾವ ಶಾಟ್ ಆದ ಮೇಲೆ ಯಾವ ಶಾಟ್ ಬಂತು? ಸಂಗೀತ ಎಲ್ಲಿ ಶುರುವಾಯಿತು? ಯಾರ ಮುಖ ಕೊನೆಯವರೆಗೂ ತೋರಿಸಲೇ ಇಲ್ಲ? ಸಿನಿಮಾ ಮುಗಿದು ಸುದ್ದಿ ಹಾಕಿದ ಕೂಡಲೇ ಈ ಕಣ್ಣನ್ನು ತೆಗೆದಿಡಲು ನನ್ನಿಂದ ಆಗುವುದಿಲ್ಲ. ಸುದ್ದಿಯೂ ಕ್ಯಾಮೆರಾದಲ್ಲಿ ತೆಗೆದು, ಎಡಿಟಿಂಗ್ ಟೇಬಲ್ ಮೇಲೆ ಕತ್ತರಿಸಿ ಜೋಡಿಸಿದ್ದೇ ಅಲ್ವಾ?

ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಅನ್ನುವ ಚಿತ್ರ ನಿರ್ದೇಶಕರು ಒಂದು ಪ್ರಯೋಗ ಮಾಡಿದರು. ಇವಾನ್ ಮೊಸ್ಜೂಕಿನ್ ಎಂಬ ನಟನ ಮುಖದ ಒಂದೇ ಶಾಟ್ ತೆಗೆದುಕೊಂಡರು. ಮುಖದಲ್ಲಿ ಹೇಳಿಕೊಳ್ಳುವಂಥ ಭಾವನೆ ಏನೂ ಇಲ್ಲ. ಅದರ ಪಕ್ಕಕ್ಕೆ ಒಂದು ಸಲ ಸೂಪಿನ ಬಟ್ಟಲು ಜೋಡಿಸಿದರು, ಒಂದು ಸಲ ಶವಪೆಟ್ಟಿಗೆ, ಒಂದು ಸಲ ಒಬ್ಬ ಹೆಂಗಸು. ನೋಡಿದವರೆಲ್ಲ ಆ ನಟನನ್ನು ಹೊಗಳಿದರಂತೆ. ಹಸಿವು ಎಷ್ಟು ಚೆನ್ನಾಗಿ ತೋರಿಸಿದ್ದಾನೆ, ದುಃಖ ಎಷ್ಟು ಆಳವಾಗಿದೆ ಅಂತ. ಕುಲೆಶೋವ್ ಶಿಷ್ಯ ಪುದೋವ್ಕಿನ್ ಇದನ್ನು ಬರೆದಿಟ್ಟಿದ್ದಾರೆ. ಮೂಲ ಫಿಲ್ಮ್ ಈಗ ಉಳಿದಿಲ್ಲ. ಆದರೆ ಅದರ ಹಿಂದಿನ ಗುಟ್ಟು ಪ್ರತಿ ಸಿನಿಮಾದಲ್ಲೂ ಇದೆ. ಪ್ರತಿ ರಾತ್ರಿಯ ಸುದ್ದಿಯಲ್ಲೂ ಇದೆ. ಒಬ್ಬ ಮಂತ್ರಿ ಯಾವುದೋ ಸಮಾರಂಭದಲ್ಲಿ ನಗುತ್ತಿರುವ ಶಾಟ್ ಹಾಕಿ, ಪಕ್ಕದಲ್ಲೇ ಪ್ರವಾಹದಲ್ಲಿ ಮನೆ ಕಳೆದುಕೊಂಡವರ ಶಾಟ್ ಹಾಕಿ ನೋಡಿ. ನಗು ಹಿಂದಿನ ವರ್ಷದ್ದೇ ಇರಬಹುದು. ನಮ್ಮ ಮನಸ್ಸು ತಾರೀಖು ಕೇಳುವುದಿಲ್ಲ, ಎರಡನ್ನೂ ಸೇರಿಸಿಬಿಡುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ನನ್ನ ಮೊಬೈಲಿಗೆ ಇಪ್ಪತ್ತು ಸೆಕೆಂಡಿನ ಒಂದು ವಿಡಿಯೊ ಬಂತು. ಒಬ್ಬ ನಾಯಕರು ವೇದಿಕೆ ಮೇಲೆ ನಿಂತು ಬಡವರ ಬಗ್ಗೆ ತೀರಾ ಕೀಳಾಗಿ ಒಂದು ಮಾತು ಹೇಳುತ್ತಾರೆ. ಅವರ ಪಕ್ಷ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹಿಂದೆ ಮುಂದೆ ನೋಡದೆ ನಾಲ್ಕು ಗುಂಪುಗಳಿಗೆ ಕಳಿಸಿದೆ. ರಾತ್ರಿ ಯಾಕೋ ಮನಸ್ಸು ತಡೆಯದೆ ಪೂರ್ತಿ ಭಾಷಣ ಹುಡುಕಿ ನೋಡಿದೆ. "ನಮ್ಮ ವಿರೋಧಿಗಳು ಏನು ಹೇಳುತ್ತಾರೆ ಗೊತ್ತೇ?" ಅಂತ ಶುರು ಮಾಡಿ, ಆ ಮಾತು ಹೇಳಿ, ಅದು ತಪ್ಪು ಅಂತ ಅವರು ಖಂಡಿಸುತ್ತಿದ್ದರು. ಹಿಂದಿನ ವಾಕ್ಯವೂ ಇಲ್ಲ, ಮುಂದಿನ ವಾಕ್ಯವೂ ಇಲ್ಲ. ಎರಡನ್ನೂ ಕತ್ತರಿಸಿ ನಡುವಿನದ್ದನ್ನು ಮಾತ್ರ ಬಿಟ್ಟಿದ್ದರು.

ನಾಲ್ಕೂ ಗುಂಪಿಗೆ ತಪ್ಪಾಯಿತು ಅಂತ ಬರೆದೆ. ಅಷ್ಟು ಹೊತ್ತಿಗೆ ಅದು ಎಲ್ಲೆಲ್ಲಿಗೆ ಹೋಗಿತ್ತೋ. ಆಮೇಲೆ ಆ ವಿಡಿಯೊವನ್ನು ಸಿನಿಮಾ ನೋಡುವ ಹಾಗೆ ನೋಡಿದೆ. ಮೊದಲ ಪದ ಅರ್ಧದಿಂದ ಶುರುವಾಗುತ್ತದೆ. ಕೊನೆಯಲ್ಲಿ ಸಭೆಯ ಸದ್ದು ಏಳುವ ಮೊದಲೇ ಕತ್ತರಿಸಿದ್ದಾರೆ. ಎರಡೂ ಗುರುತು ಎದುರಿಗೇ ಇದ್ದವು. ಸಿಟ್ಟಿನಲ್ಲಿ ನನಗೆ ಕಂಡಿರಲಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಯಾವುದಾದರೂ ಸುದ್ದಿ ನೋಡಿ ರಕ್ತ ಕುದಿಯಿತು ಅಂದರೆ, ಅದನ್ನು ಮತ್ತೆ ಸದ್ದಿಲ್ಲದೆ ನೋಡುತ್ತೇನೆ. ಮ್ಯೂಟ್ ಮಾಡಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಗೊತ್ತೇ? ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ನಿಜವಾದ ದೃಶ್ಯ ಹತ್ತು ಹದಿನೈದು ಸೆಕೆಂಡಿನದ್ದು ಇರುತ್ತದೆ. ಅದನ್ನೇ ತಿರುಗಿಸಿ ತಿರುಗಿಸಿ ಹಾಕುತ್ತಾರೆ. ಕೆಂಪು ಗೆರೆ ಸುತ್ತುತ್ತಾರೆ, ನಿಧಾನಗತಿಯಲ್ಲಿ ಓಡಿಸುತ್ತಾರೆ. ಕೆಳಗೆ ಥ್ರಿಲ್ಲರ್ ಸಿನಿಮಾದ ಸಂಗೀತ. ಈ ನಿಧಾನಗತಿ ಸಣ್ಣ ವಿಷಯವಲ್ಲ. 2016ರಲ್ಲಿ ಅಮೆರಿಕದ ಸಂಶೋಧಕರು ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಹಿಂಸೆಯ ದೃಶ್ಯವನ್ನು ಮಾಮೂಲಿ ವೇಗದಲ್ಲಿ ನೋಡಿದವರಿಗಿಂತ ನಿಧಾನವಾಗಿ ನೋಡಿದವರಿಗೆ "ಇವನು ಬೇಕಂತಲೇ ಮಾಡಿದ" ಅನ್ನಿಸುವುದು ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಯೋಚಿಸಲು ಅವನಿಗೆ ಸಮಯ ಇತ್ತು ಅಂತ ನಮಗೆ ಅನ್ನಿಸುತ್ತದೆ. ಸಿನಿಮಾದಲ್ಲಿ ಹೀರೊ ಎಂಟ್ರಿಗೆ ಬಳಸುವ ತಂತ್ರ ಅದು. ಆರೋಪಿಯೊಬ್ಬರ ಮೇಲೆ ಬಳಸಿದಾಗ ತೀರ್ಪು ಬರುವ ಮೊದಲೇ ತೀರ್ಪು ಆಗಿಬಿಡುತ್ತದೆ. ಇದು ನನಗೆ ತೀರಾ ನೋವು ಕೊಡುವ ವಿಷಯ.

ಜನಸಂದಣಿ ತೋರಿಸುವುದರಲ್ಲೂ ಅಷ್ಟೇ. ದೂರದಲ್ಲಿ ನಿಂತು, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್‌ನಲ್ಲಿ ತೆಗೆದರೆ ಹತ್ತು ಅಡಿ ಅಂತರದಲ್ಲಿ ನಿಂತವರೂ ಒಬ್ಬರ ಮೇಲೊಬ್ಬರು ಬಿದ್ದ ಹಾಗೆ ಕಾಣುತ್ತಾರೆ. ಮೇಲಿನಿಂದ ತೆಗೆದರೆ ಖಾಲಿ ಕುರ್ಚಿಗಳೂ ಕಾಣುತ್ತವೆ. ಒಂದೇ ಮೈದಾನ, ಒಂದೇ ಸಂಜೆ. ಒಂದು ಚಾನೆಲ್‌ನಲ್ಲಿ ಜನಸಾಗರ, ಇನ್ನೊಂದರಲ್ಲಿ ಖಾಲಿ ಮೈದಾನ. ಎರಡೂ ಸುಳ್ಳು ದೃಶ್ಯವಲ್ಲ.

ಇದು ಈಗಿನ ಕಾಲದ ಕೆಡುಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. 1902ರಲ್ಲಿ ಇಂಗ್ಲೆಂಡಿನ ಏಳನೇ ಎಡ್ವರ್ಡ್ ಪಟ್ಟಾಭಿಷೇಕ ನಡೆಯುವ ಮೊದಲೇ ಚಿತ್ರ ನಿರ್ದೇಶಕ ಜಾರ್ಜ್ ಮೆಲಿಯೆಸ್ ಫ್ರಾನ್ಸಿನಲ್ಲಿ ಸೆಟ್ ಹಾಕಿ, ನಟರನ್ನು ನಿಲ್ಲಿಸಿ ಆ ಸಮಾರಂಭವನ್ನು ಚಿತ್ರೀಕರಿಸಿದ್ದರು. ರಾಜನಿಗೆ ಕಾಯಿಲೆಯಾಗಿ ನಿಜವಾದ ಪಟ್ಟಾಭಿಷೇಕ ಮುಂದಕ್ಕೆ ಹೋಯಿತು. ಚಿತ್ರ ಮೊದಲೇ ತಯಾರಿತ್ತು. ಆಗ ಸಿನಿಮಾಗೆ ಹತ್ತು ವರ್ಷವೂ ತುಂಬಿರಲಿಲ್ಲ.

ಇನ್ನು ನೀವು ಕೇಳಿದ್ದರ ಇನ್ನೊಂದು ಮಗ್ಗುಲು. ನನ್ನ ರಾಜಕೀಯಕ್ಕೆ ಹೊಂದುವ ಸಿನಿಮಾವನ್ನೇ ನಾನು ಮೆಚ್ಚುತ್ತೇನಾ? ಇಲ್ಲ. ಮೆಚ್ಚಬಾರದು ಅಂತ ಗಟ್ಟಿಯಾಗಿ ನಂಬಿದ್ದೇನೆ. 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಚಿತ್ರದ ಒಡೆಸ್ಸಾ ಮೆಟ್ಟಿಲುಗಳ ದೃಶ್ಯ ನೋಡಿ. 1925ರ ಸೋವಿಯತ್ ಚಿತ್ರ. ಸೈನಿಕರು ಜನರ ಮೇಲೆ ಗುಂಡು ಹಾರಿಸುತ್ತಾ ಮೆಟ್ಟಿಲು ಇಳಿಯುತ್ತಾರೆ, ಇವತ್ತಿಗೂ ಎದೆ ನಡುಗುತ್ತದೆ. 1905ರಲ್ಲಿ ಒಡೆಸ್ಸಾದಲ್ಲಿ ಜನ ಸತ್ತಿದ್ದು ನಿಜ. ಆದರೆ ಹಾಡಹಗಲು ಆ ಮೆಟ್ಟಿಲುಗಳ ಮೇಲೆ, ಚಿತ್ರದಲ್ಲಿ ತೋರಿಸಿದ ಹಾಗೆ ಹತ್ಯಾಕಾಂಡ ನಡೆದಿರಲಿಲ್ಲ. ಅದು ನಿರ್ದೇಶಕ ಐಸೆನ್‌ಸ್ಟೈನ್ ಕಟ್ಟಿದ್ದು. ಈಗ ಜನರ ನೆನಪಿನಲ್ಲಿ ಉಳಿದಿರುವುದು ಅದೇ. ಕ್ರಾಂತಿಯನ್ನು ಹೊಗಳಿದ ಆ ಚಿತ್ರವನ್ನು ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ 1933ರಲ್ಲಿ ಬಾಯಿ ತುಂಬಾ ಹೊಗಳಿದ. ತನ್ನ ಕಡೆಯವರೂ ಹೀಗೆ ಸಿನಿಮಾ ಮಾಡಬೇಕು ಅನ್ನುವ ಆಸೆ ಅವನಿಗೆ. ಇದನ್ನು ಮೊದಲು ಓದಿದಾಗ ನನಗೆ ನಿದ್ದೆ ಬರಲಿಲ್ಲ. ನಾನು ಪ್ರೀತಿಸುವ ಕಸುಬು ಯಾರ ಕೈಗೆ ಬೇಕಾದರೂ ಸಿಗುತ್ತದೆ, ಯಾರಿಗೆ ಬೇಕಾದರೂ ದುಡಿಯುತ್ತದೆ. ಹಾಗಾಗಿ ಸಿನಿಮಾ ನೋಡಿ ಕಣ್ಣೀರು ಬಂತು ಅನ್ನುವುದನ್ನು ನಾನು ಸಾಕ್ಷಿ ಅಂತ ಒಪ್ಪುವುದಿಲ್ಲ. ಕಣ್ಣೀರು ಒಳ್ಳೆಯ ಎಡಿಟಿಂಗ್‌ಗೂ ಬರುತ್ತದೆ.

ಸರ್ಕಾರಗಳು ತಮಗೆ ಹಿತವಾದ ಚಿತ್ರಕ್ಕೆ ತೆರಿಗೆ ವಿನಾಯಿತಿ ಕೊಡುವುದೂ ನನಗೆ ಒಪ್ಪಿಗೆಯಿಲ್ಲ. ಯಾವ ಪಕ್ಷ ಇರಲಿ. ಕೊಡುವುದಾದರೆ ಎಲ್ಲ ಸಣ್ಣ ಚಿತ್ರಗಳಿಗೂ ಕೊಡಲಿ.

ನಿಷೇಧದ ವಿಷಯದಲ್ಲಂತೂ ನನಗೆ ಎರಡು ಮನಸ್ಸಿಲ್ಲ. ಪ್ರಮಾಣಪತ್ರ ಕೊಡಿ, ಯಾವ ವಯಸ್ಸಿನವರು ನೋಡಬಹುದು ಅಂತ ಹೇಳಿ. 2023ರ ಕಾನೂನು ತಿದ್ದುಪಡಿಯಲ್ಲಿ, ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದು ಅನ್ನುವ ಯುಎ ಪ್ರಮಾಣಪತ್ರವನ್ನು 7, 13, 16 ವರ್ಷ ಅಂತ ಮೂರು ಮಾಡಿದ್ದು ಒಳ್ಳೆಯ ಕೆಲಸ. ಆದರೆ ಕತ್ತರಿ ಬೇಡ. ಸೆನ್ಸಾರ್ ಮಂಡಳಿಯ ತೀರ್ಮಾನ ಒಪ್ಪದಿದ್ದರೆ ಮೊದಲು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದಿತ್ತು. 2021ರಲ್ಲಿ ಅದನ್ನು ರದ್ದು ಮಾಡಿದರು. ಈಗ ನೇರವಾಗಿ ಹೈಕೋರ್ಟಿಗೇ ಹೋಗಬೇಕು. ಕಡಿಮೆ ದುಡ್ಡಿನಲ್ಲಿ ಚಿತ್ರ ಮಾಡಿದವರು ವಕೀಲರಿಗೆ ಎಲ್ಲಿಂದ ತರುತ್ತಾರೆ? ಅವರು ಸುಮ್ನೆ ಕತ್ತರಿಸಿ ಕೊಟ್ಟುಬಿಡುತ್ತಾರೆ. ಬಿಡುಗಡೆಯಾದರೆ ಗಲಾಟೆ ಆಗುತ್ತದೆ ಅನ್ನುವ ಬೆದರಿಕೆಗೆ ಸರ್ಕಾರ ಮಣಿಯಬಾರದು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪು ಬಂದು ಮೂವತ್ತು ವರ್ಷದ ಮೇಲಾಯಿತು. ಬೆದರಿಕೆಗಳೂ ನಿಂತಿಲ್ಲ, ಮಣಿಯುವುದೂ ನಿಂತಿಲ್ಲ. ನನಗೆ ಅಸಹ್ಯ ಹುಟ್ಟಿಸಿದ ಸಿನಿಮಾಗಳಿವೆ. ಅವುಗಳ ವಿರುದ್ಧ ಬರೆದಿದ್ದೇನೆ. ಅವುಗಳನ್ನು ನಿಲ್ಲಿಸಿ ಅಂತ ಯಾವತ್ತೂ ಕೇಳಿಲ್ಲ, ಕೇಳುವುದೂ ಇಲ್ಲ.

ನಟರು ರಾಜಕೀಯಕ್ಕೆ ಬರುವುದರ ಬಗ್ಗೆ ಕೆಲವರು ಕೇಳುತ್ತಾರೆ. ಬರಲಿ. ಬೇರೆಯವರಿಗೆ ಇರುವ ಹಕ್ಕು ಅವರಿಗೂ ಇದೆ. ನಾವು ತೆರೆಯ ಮೇಲಿನ ಮುಖಕ್ಕೆ ಮತ ಹಾಕುತ್ತಿದ್ದೇವಾ ಅನ್ನುವುದು ಮಾತ್ರ ನನ್ನ ಚಿಂತೆ. 1967ರ ಜನವರಿಯಲ್ಲಿ ತಮಿಳು ನಟ ಎಂ.ಜಿ.ಆರ್. ಮೇಲೆ ನಟ ಎಂ.ಆರ್. ರಾಧಾ ಗುಂಡು ಹಾರಿಸಿದರು. ಕುತ್ತಿಗೆಗೆ ಬ್ಯಾಂಡೇಜ್ ಸುತ್ತಿಕೊಂಡು ಆಸ್ಪತ್ರೆಯಲ್ಲಿದ್ದ ಎಂ.ಜಿ.ಆರ್. ಕೈಮುಗಿದ ಒಂದು ಚಿತ್ರ ಮುಂದಿನ ತಿಂಗಳ ವಿಧಾನಸಭಾ ಚುನಾವಣೆಯ ಪೋಸ್ಟರ್ ಆಯಿತು. ಪ್ರಚಾರಕ್ಕೆ ಹೊರಗೆ ಬರದೆಯೇ ಅವರು ಗೆದ್ದರು. ಒಂದು ಸ್ಟಿಲ್ ಫೋಟೊಗೆ ಅಷ್ಟು ಬಲ. ಅದು ನಿಜವಾದ ಗಾಯ, ನಿಜವಾದ ನೋವು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅದು ಚಿತ್ರವಾದ ಕೂಡಲೇ ಬೇರೆ ಕೆಲಸ ಮಾಡಲು ಶುರು ಮಾಡಿತು.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಸಿನಿಮಾ ಮಾತ್ರ ನೋಡಿಕೊಂಡು ಇರಬಾರದೇ ಅಂತ ಕೇಳಿದ್ದೀರಿ. 'ಸಂಸ್ಕಾರ' ನೋಡಿದ್ದೀರಾ? ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, 1970ರ ಚಿತ್ರ. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಅದಕ್ಕೆ ಅನುಮತಿ ಕೊಡಲಿಲ್ಲ. ಹೋರಾಡಿ ಬಿಡುಗಡೆ ಮಾಡಿದ ಮೇಲೆ ಅದೇ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಚಂದ್ರಿಯ ಪಾತ್ರ ಮಾಡಿದವರು ಸ್ನೇಹಲತಾ ರೆಡ್ಡಿ, ನಿರ್ದೇಶಕರ ಪತ್ನಿ. ಸತ್ತವನ ಸಂಸ್ಕಾರಕ್ಕೆ ಅಂತ ತನ್ನ ಒಡವೆ ಬಿಚ್ಚಿ ಮುಂದಿಡುವ ಹೆಂಗಸು ಚಂದ್ರಿ.

ನಾನು ಆ ಚಿತ್ರವನ್ನು ಮೊದಲ ಸಲ ನೋಡಿದಾಗ ಕ್ಯಾಮೆರಾ ನೋಡಿದೆ, ಬೆಳಕು ನೋಡಿದೆ, ಮುಖ್ಯ ಪಾತ್ರದ ಗಿರೀಶ ಕಾರ್ನಾಡರ ಕಣ್ಣು ನೋಡಿದೆ. ಆಮೇಲೆ ಸ್ನೇಹಲತಾ ಅವರ ಬಗ್ಗೆ ಓದಿದೆ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಅವರನ್ನು ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಟ್ಟರು. ತೀವ್ರ ಆಸ್ತಮಾ ಇತ್ತು. ವಿಚಾರಣೆಯಿಲ್ಲದೆ ಎಂಟು ತಿಂಗಳು. ಒಳಗಿದ್ದಾಗ ದಿನಚರಿ ಬರೆದರು. 1977ರ ಜನವರಿಯಲ್ಲಿ, ಆರೋಗ್ಯ ಪೂರ್ತಿ ಕೆಟ್ಟ ಮೇಲೆ, ಪೆರೋಲ್ ಮೇಲೆ ಬಿಟ್ಟರು. ಅದೇ ತಿಂಗಳು ತೀರಿಕೊಂಡರು.

ಅದನ್ನು ಓದಿದ ಮೇಲೆ 'ಸಂಸ್ಕಾರ'ವನ್ನು ಮತ್ತೆ ಹಾಕಿದೆ. ಚಂದ್ರಿ ಒಡವೆ ಬಿಚ್ಚುವ ದೃಶ್ಯ ಬಂತು. ಶಾಟ್ ಅದೇ, ಬೆಳಕು ಅದೇ. ಆದರೆ ಈ ಸಲ ನನಗೆ ಬೆಳಕು ಕಾಣಲಿಲ್ಲ. ಅವರು ಉಸಿರು ತೆಗೆದುಕೊಳ್ಳುವುದನ್ನೇ ನೋಡುತ್ತಾ ಕುಳಿತಿದ್ದೆ.