ಬಣ್ಣ ಅಳಿಸಿದರೆ ಕಪ್ಪು-ಬಿಳುಪು ಆಗುವುದಿಲ್ಲ

ಹಳೆಯ ದುರಂತ ನಾಟಕಗಳನ್ನು ಕಪ್ಪು-ಬಿಳುಪಿನಲ್ಲಿ ಸಿನಿಮಾ ಮಾಡಬೇಕು ಅನ್ನುವ ಆಸೆ ಈಗ ತುಂಬ ಜನರಿಗೆ ಬಂದಿದೆ. ಅದು ನನಗೆ ಖುಷಿಯ ವಿಷಯ. ಆದರೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಬೇರೆ ಬೇರೆ ಮಾತಿನಲ್ಲಿ ಅದೇ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಜಾಗವೆಲ್ಲ ಹೆಚ್ಚುಕಮ್ಮಿ ಅದಕ್ಕೇ ಹೋಗುತ್ತದೆ. ಚಿತ್ರಕಥೆ ಬರೆಯುವುದು ಹೇಗೆ, ಯಾವ ಕ್ಯಾಮೆರಾ ಕೊಳ್ಳಬೇಕು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ಗೊತ್ತಿದ್ದೇ ಈ ಕೆಲಸಕ್ಕೆ ಕೈ ಹಾಕಿದ್ದೀರಿ ಅಂತ ನಂಬಿ ಬರೆಯುತ್ತಿದ್ದೇನೆ.

ಪ್ರಶ್ನೆ: ಗೆಳೆಯರೆಲ್ಲ ಸೇರಿ ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕವನ್ನು ಸಿನಿಮಾ ಮಾಡುತ್ತಿದ್ದೇವೆ. ಬಣ್ಣದಲ್ಲೇ ಶೂಟಿಂಗ್ ಮುಗಿಸಿ, ಎಡಿಟಿಂಗ್ ಆದ ಮೇಲೆ ಬಣ್ಣ ತೆಗೆದರೆ ಸಾಕಲ್ವಾ? ಚೆನ್ನಾಗಿ ಕಾಣದಿದ್ದರೆ ಬಣ್ಣಕ್ಕೇ ವಾಪಸ್ ಹೋಗಬಹುದು ಅಂತ ಲೆಕ್ಕ.

ಆ ಕೊನೆಯ ಮಾತೇ ನನಗೆ ಹಿಡಿಸಲಿಲ್ಲ. ಕ್ಯಾಮೆರಾದೊಳಗೆ ಬಣ್ಣ ದಾಖಲಾಗುತ್ತಾ ಇಲ್ವಾ ಅನ್ನುವುದು ದೊಡ್ಡ ವಿಷಯವಲ್ಲ. ಬಣ್ಣದ ಸೆನ್ಸರ್‌ನಲ್ಲೇ ಶೂಟ್ ಮಾಡಿ, ತೊಂದರೆ ಇಲ್ಲ. ತೊಂದರೆ ಇರುವುದು ತೀರ್ಮಾನವನ್ನು ಮುಂದಕ್ಕೆ ಹಾಕುವುದರಲ್ಲಿ. ವಾಪಸ್ ಹೋಗುವ ದಾರಿ ಇಟ್ಟುಕೊಂಡು ಹೊರಟವರು ಸೆಟ್‌ನಲ್ಲಿ ಎರಡಕ್ಕೂ ಒಗ್ಗುವ ಬೆಳಕು ಹಾಕುತ್ತಾರೆ. ಅದು ಕೊನೆಗೆ ಯಾವುದಕ್ಕೂ ಒಗ್ಗುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಮೊದಮೊದಲು ಮಾಡಿದ ಒಂದು ಸಿನಿಮಾದಲ್ಲಿ ರಾಣಿಗೆ ಗಾಢ ಕೆಂಪು ಶಾಲು, ಅವಳ ಹಿಂದೆ ಗಾಢ ಹಸಿರು ಪರದೆ. ಸೆಟ್‌ನಲ್ಲಿ ನಿಂತು ನೋಡಿದರೆ ಕಣ್ಣು ಕೀಳಲಾಗುತ್ತಿರಲಿಲ್ಲ, ಅಷ್ಟು ಚೆಂದ. ಎರಡು ದಿನ ಅದೇ ಜಾಗದಲ್ಲಿ ಶೂಟ್ ಮಾಡಿದೆವು. ಬಣ್ಣ ತೆಗೆದು ನೋಡಿದಾಗ ಶಾಲೂ ಪರದೆಯೂ ಒಂದೇ ಬೂದು. ಎಲ್ಲಿ ಶಾಲು ಮುಗಿದು ಎಲ್ಲಿ ಪರದೆ ಶುರುವಾಗುತ್ತದೆ ಅಂತ ತಿಳಿಯುತ್ತಿರಲಿಲ್ಲ. ಒಂದು ಮುಖ, ಎರಡು ಕೈ ಗಾಳಿಯಲ್ಲಿ ತೇಲುತ್ತಿದ್ದವು. ಆ ಎರಡು ದಿನದ ಕೆಲಸ ಪೂರ್ತಿ ಮತ್ತೆ ಮಾಡಬೇಕಾಯಿತು.

ಯಾಕೆ ಹೀಗಾಗುತ್ತದೆ ನೋಡಿ. ಬಣ್ಣದ ಚಿತ್ರದಲ್ಲಿ ಕೆಂಪನ್ನು ಹಸಿರಿನಿಂದ ಬೇರೆ ಮಾಡುವ ಕೆಲಸ ಬಣ್ಣವೇ ಮಾಡಿಕೊಡುತ್ತದೆ. ಬಣ್ಣ ಹೋದರೆ ಉಳಿಯುವುದು ಹೊಳಪಿನ ಮಟ್ಟ ಮಾತ್ರ. ಡಿಜಿಟಲ್ ವಿಡಿಯೊದ ಸಾಮಾನ್ಯ ಲೆಕ್ಕದಲ್ಲಿ ಆ ಹೊಳಪಿಗೆ ಹಸಿರಿನ ಪಾಲು ಸುಮಾರು ಶೇ 72, ಕೆಂಪಿನದು ಶೇ 21, ನೀಲಿಯದು ಶೇ 7. ಹೊಳಪು ಸಮ ಇದ್ದರೆ ಎರಡು ಬಣ್ಣ ಎಷ್ಟೇ ಬೇರೆ ಇರಲಿ, ಒಂದೇ ಬೂದು ಆಗುತ್ತವೆ. ಆಗ ಬೇರ್ಪಡಿಸುವ ಕೆಲಸವನ್ನು ಬೆಳಕಿನ ಕೈಲಿ ಮಾಡಿಸಬೇಕು. ಭುಜದ ಅಂಚಿಗೆ ಹಿಂದಿನಿಂದ ಒಂದು ಗೆರೆ ಬೆಳಕು. ಕಪ್ಪು ಬಟ್ಟೆಯ ಹಿಂದೆ ಒಂದು ಪಾಲು ತಿಳಿಯಾದ ಗೋಡೆ. ಒರಟು ಉಣ್ಣೆಯ ಪಕ್ಕ ನುಣುಪು ರೇಷ್ಮೆ. ಇದೆಲ್ಲ ಸೆಟ್‌ನಲ್ಲೇ ಆಗಬೇಕಾದ ಕೆಲಸ.

‘ಗ್ರೇಡಿಂಗ್‌ನಲ್ಲಿ, ಅಂದರೆ ಶೂಟಿಂಗ್ ಆದ ಮೇಲೆ ಬಣ್ಣ-ಹೊಳಪು ತಿದ್ದುವಾಗ, ಸರಿ ಮಾಡಬಹುದಲ್ವಾ?’ ಅಂತ ಕೇಳುತ್ತೀರಿ. ಸ್ವಲ್ಪ ಮಾಡಬಹುದು. ಕೆಂಪು ಚಾನೆಲ್, ಅಂದರೆ ಚಿತ್ರದಲ್ಲಿ ಕೆಂಪು ಬೆಳಕಿನ ಪಾಲು, ಏರಿಸಿದರೆ ಮುಖದ ಕಲೆಗಳು ಮಾಯವಾಗಿ ಚರ್ಮ ನಯವಾಗುತ್ತದೆ, ತುಟಿ ಬಿಳಿಚಿಕೊಳ್ಳುತ್ತದೆ. ನೀಲಿ, ಹಸಿರಿನ ಕಡೆ ಎಳೆದರೆ ಪ್ರತಿಯೊಂದು ಸುಕ್ಕೂ ಎದ್ದು ಬರುತ್ತದೆ. ಹಿಂದೆ ಇದೇ ಕೆಲಸವನ್ನು ಲೆನ್ಸ್ ಮುಂದೆ ಫಿಲ್ಟರ್ ಇಟ್ಟು ಮಾಡುತ್ತಿದ್ದರು. ಕೆಂಪು ಫಿಲ್ಟರ್ ಹಾಕಿದರೆ ನೀಲಿ ಆಕಾಶ ಕಪ್ಪಾಗುತ್ತಿತ್ತು. ಆದರೆ ನೀಲಿ ಚಾನೆಲ್ಲನ್ನು ಜಾಸ್ತಿ ಎಳೆದರೆ ಚಿತ್ರದಲ್ಲಿ ಮರಳು ಮರಳು ಕಾಣುತ್ತದೆ. ಮೇಲಾಗಿ ಮುಖಕ್ಕೆ ಅಂತ ಕೆಂಪು ಏರಿಸಿದರೆ ಅದೇ ಬಣ್ಣದ ಬಟ್ಟೆಯೂ ಮರದ ಕಂಬವೂ ಜೊತೆಗೇ ಏರುತ್ತವೆ. ಒಂದನ್ನು ಸರಿ ಮಾಡಲು ಹೋಗಿ ನಾಲ್ಕು ಕೆಡುತ್ತದೆ.

ಹಾಗಾಗಿ ಇಷ್ಟು ಮಾಡಿ. ಮಾನಿಟರ್ ಮೊದಲ ದಿನದಿಂದಲೇ ಕಪ್ಪು-ಬಿಳುಪಿನಲ್ಲಿ ಇರಲಿ. ನಿರ್ದೇಶಕ, ಕಾಸ್ಟ್ಯೂಮ್‌ನವರು, ಮೇಕಪ್‌ನವರು ಯಾರೂ ಬಣ್ಣದ ಚಿತ್ರ ನೋಡಬಾರದು. ಬಟ್ಟೆ ಹೊಲಿಸುವ ಮುಂಚೆ ಎಲ್ಲ ಬಟ್ಟೆಯ ತುಂಡು, ಗೋಡೆಗೆ ಬಳಿಯುವ ಬಣ್ಣದ ಹಲಗೆ, ಇವನ್ನೆಲ್ಲ ಒಂದೇ ದೀಪದ ಕೆಳಗೆ ಸಾಲಾಗಿ ಇಟ್ಟು ಶೂಟ್ ಮಾಡಿ. ತಿಳಿಯಿಂದ ಗಾಢಕ್ಕೆ ಜೋಡಿಸಿ. ಪಕ್ಕಪಕ್ಕ ಬಂದ ಎರಡು ತುಂಡನ್ನು ಒಂದರ ಮುಂದೆ ಒಂದು ನಿಲ್ಲಿಸಬೇಡಿ. ಅರ್ಧ ದಿನದ ಕೆಲಸ ಇದು. ನಾನು ಮಾಡದೆ ಬಿಟ್ಟಿದ್ದೇ ಇದನ್ನು.

ಇನ್ನು ಯಾರೂ ಕೇಳದ, ಆದರೆ ಕೇಳಲೇಬೇಕಾದ ಭಾಗ. ಕಪ್ಪು-ಬಿಳುಪು ಅನ್ನುವುದು ಲೈಟಿಂಗ್‌ನವರ ತೀರ್ಮಾನ ಮಾತ್ರ ಅಲ್ಲ. ನಾಟಕದ ಯಾವ ಮಾತು ಉಳಿಯಬೇಕು, ಯಾವುದು ಹೋಗಬೇಕು ಅನ್ನುವುದೂ ಅದರ ಮೇಲೆಯೇ ನಿಂತಿದೆ.

ಶೇಕ್ಸ್‌ಪಿಯರ್ ಕಾಲದಲ್ಲಿ ಲಂಡನ್ನಿನ ಗ್ಲೋಬ್‌ನಂಥ ಬಯಲು ರಂಗಮಂದಿರಗಳಲ್ಲಿ ಆಟ ನಡೆಯುತ್ತಿದ್ದದ್ದು ಮಧ್ಯಾಹ್ನ, ಬಿಸಿಲಿನಲ್ಲಿ. ರಾತ್ರಿಯ ದೃಶ್ಯವನ್ನೂ ಹಗಲಲ್ಲೇ ಆಡಬೇಕು. ಅದಕ್ಕೇ ಪಾತ್ರಗಳು ಕತ್ತಲನ್ನು ಬಾಯಿಂದ ಹೇಳುತ್ತವೆ. ‘ಮ್ಯಾಕ್‌ಬೆತ್’ ಎರಡನೆಯ ಅಂಕ ಶುರುವಾಗುವಾಗ ಬ್ಯಾಂಕೋ ಅನ್ನುವ ಸೇನಾಧಿಪತಿ ತನ್ನ ಮಗನನ್ನು ರಾತ್ರಿ ಎಷ್ಟಾಯಿತು ಅಂತ ಕೇಳುತ್ತಾನೆ. ಚಂದ್ರ ಮುಳುಗಿದ ಅನ್ನುತ್ತಾನೆ ಹುಡುಗ. ಆಕಾಶದ ದೀಪಗಳೆಲ್ಲ ಆರಿವೆ ಅನ್ನುತ್ತಾನೆ ಅಪ್ಪ. ಈ ಮಾತು ಮುಖ್ಯವಾಗಿ ಆ ಬಿಸಿಲಲ್ಲಿ ಕೂತಿದ್ದ ಜನರಿಗೆ. ನಿಮ್ಮ ತೆರೆಯ ಮೇಲೆ ಕತ್ತಲು ಆಗಲೇ ಇದೆ. ಇಂಥ ಮಾತುಗಳಿಗೆ ಧೈರ್ಯವಾಗಿ ಕತ್ತರಿ ಹಾಕಬಹುದು.

ಆದರೆ ಬಣ್ಣದ ಮಾತು ಬೇರೆ. ರಾಜನ ಕೊಲೆ ಮಾಡಿ ಬಂದ ಮ್ಯಾಕ್‌ಬೆತ್ ತನ್ನ ಕೈ ನೋಡಿಕೊಂಡು, ಕಡಲಿನ ನೀರೆಲ್ಲ ಸೇರಿದರೂ ಇದು ತೊಳೆಯುವುದಿಲ್ಲ, ಈ ಕೈಯೇ ಹಸಿರು ಕಡಲನ್ನು ಕೆಂಪು ಮಾಡೀತು ಅನ್ನುತ್ತಾನಲ್ಲ, ಆ ಜಾಗ ನೋಡಿ. ಹಸಿರು, ಕೆಂಪು. ನನ್ನ ಸೆಟ್‌ನಲ್ಲಿ ಒಂದೇ ಬೂದು ಆದ ಅದೇ ಎರಡು ಬಣ್ಣ. ಬಣ್ಣದ ಸಿನಿಮಾದಲ್ಲಿ ಆ ಹೊತ್ತಿಗೆ ಕೆಂಪು ಕೈ ಎದುರಿಗೇ ಇರುತ್ತದೆ, ಮಾತು ಬರೀ ವಿವರಣೆಯಾಗಿಬಿಡುತ್ತದೆ. ಕಪ್ಪು-ಬಿಳುಪಿನಲ್ಲಿ ನೋಡುವವರಿಗೆ ಕಾಣುವುದು ಒದ್ದೆಯಾದ, ಗಾಢವಾದ ಏನೋ ಒಂದು. ಅದನ್ನು ಕೆಂಪು ಮಾಡುವುದು ನಟನ ಮಾತೇ. ಕೆಂಪು ಅನ್ನುವ ಪದ ಕಿವಿಗೆ ಬಿದ್ದ ಮೇಲೆ ಅದು ರಕ್ತವಾಗುತ್ತದೆ. ಇಂಥ ಸಾಲನ್ನು ದಯವಿಟ್ಟು ಮುಟ್ಟಬೇಡಿ.

ಐದನೆಯ ಅಂಕದ ನಿದ್ದೆಗಣ್ಣಿನ ದೃಶ್ಯಕ್ಕೆ ಬನ್ನಿ. ಗಂಡನನ್ನು ಆ ಕೊಲೆಗೆ ಹುರಿದುಂಬಿಸಿದ ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲೇ ನಡೆದು ಬಂದು ಕೈ ಉಜ್ಜಿಕೊಳ್ಳುತ್ತಾಳೆ. ವೈದ್ಯ ಮತ್ತು ದಾಸಿ ದೂರ ನಿಂತು ನೋಡುತ್ತಾರೆ. ಅವಳಿಗೆ ಕಲೆ ಕಾಣುತ್ತಿದೆ, ಅವರಿಗೆ ಕಾಣುತ್ತಿಲ್ಲ. ಬಣ್ಣದಲ್ಲಿ ಇದನ್ನು ತೋರಿಸಿದರೆ ನೋಡುವವರ ಕಣ್ಣು ತಕ್ಷಣ ಅಂಗೈಗೆ ಹೋಗುತ್ತದೆ. ಕೆಂಪಿಲ್ಲ, ಅಂದರೆ ಇವಳಿಗೆ ಭ್ರಮೆ. ಅರ್ಧ ಸೆಕೆಂಡಿನಲ್ಲಿ ತೀರ್ಪು ಮುಗಿಯಿತು. ಕಪ್ಪು-ಬಿಳುಪಿನಲ್ಲಿ ಅಷ್ಟು ಬೇಗ ತೀರ್ಪು ಕೊಡಲು ಆಗುವುದಿಲ್ಲ. ಅಂಗೈಯಲ್ಲಿ ಒಂದು ನೆರಳು ಬಿದ್ದಿದೆ. ನೆರಳೋ ಕಲೆಯೋ? ಆ ಅನುಮಾನ ಇರುವಷ್ಟು ಹೊತ್ತು ನಾವು ವೈದ್ಯನ ಪಕ್ಕದಲ್ಲಿ ನಿಂತಿರುವುದಿಲ್ಲ, ಅವಳ ಪಕ್ಕದಲ್ಲಿ ನಿಂತಿರುತ್ತೇವೆ. ನಾನು ಈ ನಾಟಕಕ್ಕೆ ಕಪ್ಪು-ಬಿಳುಪು ಬೇಕು ಅನ್ನುವುದು ಇದಕ್ಕೇ.

ಅದೇ ದೃಶ್ಯದಲ್ಲಿ ಅವಳ ಕೈಯಲ್ಲಿ ಒಂದು ಮೇಣದ ದೀಪ ಇದೆ. ಯಾವಾಗಲೂ ಪಕ್ಕದಲ್ಲಿ ಬೆಳಕು ಇರಬೇಕು ಅಂತ ಅವಳದೇ ಅಪ್ಪಣೆ. ಆ ದೀಪವೊಂದೇ ಬೆಳಕಿನ ಮೂಲ ಅಂತ ಇಟ್ಟುಕೊಂಡು ಮಾಡಿ ನೋಡಿ. ಹಿಡಿದಾಗ ಮುಖದ ಮೇಲೆ ಬೆಳಕು. ಕೈ ತೊಳೆಯಬೇಕು ಅಂದರೆ ದೀಪ ಕೆಳಗಿಡಲೇಬೇಕು. ಇಟ್ಟ ಕೂಡಲೇ ಮುಖ ಕತ್ತಲಿಗೆ ಹೋಯಿತು, ಬೆಳಕಿನಲ್ಲಿ ಉಳಿದಿದ್ದು ಎರಡು ಕೈ. ಉಜ್ಜಿದ ಹಾಗೆಲ್ಲ ಬೆರಳಿನ ನೆರಳು ಅಂಗೈ ಮೇಲೆ ಓಡಾಡುತ್ತದೆ, ಉಜ್ಜಿದಷ್ಟೂ ಕಲೆ ಜಾಗ ಬದಲಿಸಿದ ಹಾಗೆ. ನಿಜವಾದ ಮೇಣದಬತ್ತಿಯ ಬೆಳಕು ಸಾಲದಿದ್ದರೆ ಕ್ಯಾಮೆರಾಗೆ ಕಾಣದ ಹಾಗೆ ಒಂದು ಪುಟ್ಟ ದೀಪ ಸೇರಿಸಿ. ಬಣ್ಣದಲ್ಲಿ ಶೂಟ್ ಮಾಡಿ ಆಮೇಲೆ ನೋಡೋಣ ಅಂದುಕೊಂಡವರಿಗೆ ಈ ದೃಶ್ಯ ಹೊಳೆಯುವುದಕ್ಕೆ ಅವಕಾಶವೇ ಇಲ್ಲ.

ದೊಡ್ಡವರು ಏನು ಮಾಡಿದರು ಅಂತಲೂ ನೋಡಿ. ಜಪಾನಿನ ನಿರ್ದೇಶಕ ಕುರೊಸಾವಾ 1957ರಲ್ಲಿ ಇದೇ ನಾಟಕವನ್ನು ‘ಥ್ರೋನ್ ಆಫ್ ಬ್ಲಡ್’ ಮಾಡಿದಾಗ ಮೂಲದ ಒಂದು ಸಾಲನ್ನೂ ಇಟ್ಟುಕೊಳ್ಳಲಿಲ್ಲ. ಫ್ಯೂಜಿ ಬೆಟ್ಟದ ಇಳಿಜಾರಿನ ಕಪ್ಪು ಮಣ್ಣು, ಬಿಳಿ ಮಂಜು, ಇವೆರಡರಲ್ಲೇ ಸಿನಿಮಾ ನಿಂತಿದೆ. ಕೊಲೆಯನ್ನು ಅವರು ತೋರಿಸುವುದಿಲ್ಲ. ಗಂಡ ಬರುವ ತನಕ ಹೆಂಡತಿಯ ಜೊತೆ ನಾವೂ ಕಾಯುತ್ತೇವೆ. 2021ರಲ್ಲಿ ಅಮೆರಿಕದ ನಿರ್ದೇಶಕ ಜೋಯೆಲ್ ಕೊಯೆನ್ ಮಾಡಿದ್ದು ತದ್ವಿರುದ್ಧ. ಶೇಕ್ಸ್‌ಪಿಯರ್‌ನ ಮಾತು ಉಳಿಸಿಕೊಂಡರು, ಕೊಲೆ ತೋರಿಸಿದರು, ಇಡೀ ಸಿನಿಮಾವನ್ನು ಸ್ಟುಡಿಯೊ ಒಳಗೇ ಮಾಡಿದರು. ಛಾಯಾಗ್ರಾಹಕ ಬ್ರೂನೊ ಡೆಲ್ಬೊನೆಲ್ ಅಲ್ಲಿ ಕಟ್ಟಡವನ್ನು ಕಲ್ಲಿನಷ್ಟೇ ನೆರಳಿನಿಂದಲೂ ಕಟ್ಟಿದ್ದಾರೆ. ಚೌಕಟ್ಟೂ ಹೆಚ್ಚುಕಮ್ಮಿ ಚೌಕ, ಅಗಲಕ್ಕೂ ಎತ್ತರಕ್ಕೂ 1.19:1. ದಾರಿ ಬೇರೆ, ಆದರೆ ಇಬ್ಬರಲ್ಲಿ ಯಾರೂ ‘ಆಮೇಲೆ ನೋಡೋಣ’ ಅನ್ನಲಿಲ್ಲ.

ಪ್ರಶ್ನೆ: ಒಂದೇ ಕ್ಲಿಕ್‌ನಲ್ಲಿ ಹಳೆಯ ಸಿನಿಮಾದ ಲುಕ್ ಕೊಡುವ ಪ್ರೀಸೆಟ್‌ಗಳು (ಮೊದಲೇ ಮಾಡಿಟ್ಟ ಸೆಟ್ಟಿಂಗ್‌ಗಳು) ಸಿಗುತ್ತವೆ. ಯಾವುದು ಒಳ್ಳೆಯದು?

ಯಾವುದೂ ಅಲ್ಲ. ನಿಮ್ಮ ಸೆಟ್‌ನ ಗೋಡೆ ಯಾವ ಬಣ್ಣ ಅಂತ ಗೊತ್ತಿಲ್ಲದವರು ಮಾಡಿದ ಲುಕ್ ಅದು. ಮೇಲೆ ಸುಳ್ಳು ಗೀರು, ಸುಳ್ಳು ಧೂಳು ಬೇರೆ. ಇದನ್ನೇ ಎರಡು ದಿನದ ಕಾರ್ಯಾಗಾರ ಮಾಡಿ ಹೊಸ ಹುಡುಗರಿಂದ ದುಡ್ಡು ಕೀಳುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಆ ದುಡ್ಡಿನಲ್ಲಿ ಎರಡು ದೀಪ ಜಾಸ್ತಿ ಬಾಡಿಗೆಗೆ ತನ್ನಿ.

ಪ್ರಶ್ನೆ: ಹಳೆಯ ಕಾಲದ ಕಥೆ ಅಂತ ತೋರಿಸಲು ಕಪ್ಪು-ಬಿಳುಪು ತಾನೇ? ಹಳೆಯ ಸಿನಿಮಾಗಳಲ್ಲಿ ಬಣ್ಣವೇ ಇರಲಿಲ್ಲವಲ್ಲ?

ಇತ್ತು. ಇಂಗ್ಲಿಷ್ ನಟ-ನಿರ್ದೇಶಕ ಲಾರೆನ್ಸ್ ಒಲಿವಿಯೆ 1944ರಲ್ಲಿ ‘ಹೆನ್ರಿ ದಿ ಫಿಫ್ತ್’ ಮಾಡಿದ್ದು ಟೆಕ್ನಿಕಲರ್ ಅನ್ನುವ ಬಣ್ಣದ ವಿಧಾನದಲ್ಲಿ, ಆಮೇಲೆ 1948ರಲ್ಲಿ ‘ಹ್ಯಾಮ್ಲೆಟ್’ ಮಾಡಿದ್ದು ಕಪ್ಪು-ಬಿಳುಪಿನಲ್ಲಿ. ಬೇಕು ಅಂತಲೇ.

ಪ್ರಶ್ನೆ: ಸ್ವಗತಗಳನ್ನು ವಾಯ್ಸ್‌ಓವರ್ ಮಾಡಿದರೆ ಆಗುತ್ತಾ?

ಮಾಡಬಹುದು. ಆದರೆ ನಟನನ್ನು ಕಿಟಕಿ ಪಕ್ಕ ನಿಲ್ಲಿಸಿ ಮೇಲೆ ದನಿ ಸುರಿಯಬೇಡಿ. ಒಲಿವಿಯೆ ‘ಹ್ಯಾಮ್ಲೆಟ್’ನ ಅತಿ ಪ್ರಸಿದ್ಧ ಸ್ವಗತವನ್ನು ಕಡಲ ಮೇಲಿನ ಗೋಪುರದ ತುದಿಯಲ್ಲಿ ಮಾಡಿದ್ದಾರೆ. ಸ್ವಲ್ಪ ಮಾತು ಬಾಯಲ್ಲಿ, ಸ್ವಲ್ಪ ಮನಸ್ಸಿನಲ್ಲಿ. ಮಾತು ಎಲ್ಲಿ ಒಳಗೆ ಹೋಗುತ್ತದೆ, ಎಲ್ಲಿ ಹೊರಗೆ ಬರುತ್ತದೆ ಅನ್ನುವುದರಲ್ಲೇ ಅಭಿನಯ ಇದೆ. ನೀವೂ ಸ್ವಗತದ ಪ್ರತಿ ಸಾಲಿಗೆ ಪೆನ್ಸಿಲ್ ಹಿಡಿದು ಗುರುತು ಹಾಕಿ: ಇದು ಬಾಯಿ ಬಿಟ್ಟು ಹೇಳುವಂಥದ್ದಾ, ಹೇಳಲಾಗದ್ದಾ? ಹೇಳಲಾಗದ್ದು ಮಾತ್ರ ಒಳದನಿಗೆ ಹೋಗಲಿ. ಕ್ಲೋಸಪ್ಪಿನಲ್ಲಿ ದನಿ ಒಂದು ಹೇಳುತ್ತಿರುವಾಗ ಮುಖ ಅದನ್ನೇ ಹೇಳಬಾರದು, ಇದೊಂದು ನೆನಪಿರಲಿ. ರಂಗದಲ್ಲಿ ಕೊನೆಯ ಸಾಲಿನವರಿಗೂ ತಲುಪಲಿ ಅಂತ ಹುಬ್ಬು ಕುಣಿಸಿ ಅಭ್ಯಾಸವಾದ ನಟರಿಗೆ ಇದು ಕಷ್ಟ. ಬೈಯಬೇಡಿ, ಸಮಯ ಕೊಡಿ.

ಪ್ರಶ್ನೆ: ಒಂದು ಸಾಲೂ ಬಿಡದೆ ಪೂರ್ತಿ ನಾಟಕ ಇಡಬೇಕು ಅಂತಿದ್ದೇವೆ.

‘ಹ್ಯಾಮ್ಲೆಟ್’ ಸುಮಾರು 4,000 ಸಾಲು. 1996ರಲ್ಲಿ ನಟ-ನಿರ್ದೇಶಕ ಕೆನೆತ್ ಬ್ರಾನಾ ಪೂರ್ತಿ ಇಟ್ಟರು, ನಾಲ್ಕು ಗಂಟೆ ಆಯಿತು. ಒಲಿವಿಯೆ ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್, ಫೋರ್ಟಿನ್‌ಬ್ರಾಸ್ ಈ ಮೂರು ಪಾತ್ರಗಳನ್ನೂ ಕೈಬಿಟ್ಟರು. ನಿಮ್ಮ ಮೊದಲ ಸಿನಿಮಾಗೆ ನಾಲ್ಕು ಗಂಟೆ ಬೇಡ.

ಪ್ರಶ್ನೆ: ‘ಕಿಂಗ್ ಲಿಯರ್’ ಕೊನೆ ತುಂಬ ಕ್ರೂರ. ಲಿಯರ್‌ನ ಮಗಳು ಕಾರ್ಡೀಲಿಯಾಳನ್ನು ಉಳಿಸಬಹುದಾ?

ಹೊಸ ಐಡಿಯಾ ಅಂತ ಅಂದುಕೊಳ್ಳಬೇಡಿ. ಕವಿ ನೇಹಮ್ ಟೇಟ್ 1681ರಲ್ಲೇ ಅವಳನ್ನು ಉಳಿಸಿ ಮದುವೆ ಮಾಡಿಸಿದ. ಒಂದೂವರೆ ಶತಮಾನ ಇಂಗ್ಲಿಷ್ ರಂಗಭೂಮಿ ಅದನ್ನೇ ಆಡಿತು, ಆಮೇಲೆ ಮೂಲಕ್ಕೇ ವಾಪಸ್ ಬಂತು. ಮಗಳ ಹೆಣ ಹೊತ್ತು ಬರುವ ಅಪ್ಪನನ್ನು ತೋರಿಸಲು ಮನಸ್ಸಾಗದಿದ್ದರೆ ಬೇರೆ ನಾಟಕ ಆರಿಸಿಕೊಳ್ಳಿ.

ಪ್ರಶ್ನೆ: ಕಪ್ಪು-ಬಿಳುಪು ಮಾಡಿದರೆ ಖರ್ಚು ಕಡಿಮೆ ಅಲ್ವಾ?

ಇಲ್ಲ. ಲೈಟಿಂಗ್‌ಗೆ ಸಮಯ ಜಾಸ್ತಿ ಹಿಡಿಯುತ್ತದೆ.

ಪ್ರಶ್ನೆ: ಇಡೀ ಸಿನಿಮಾ ಕಪ್ಪು-ಬಿಳುಪು ಇಟ್ಟು, ರಕ್ತ ಒಂದನ್ನು ಮಾತ್ರ ಕೆಂಪು ಬಿಟ್ಟರೆ ಹೇಗಿರುತ್ತದೆ?

ಬೇಡ. ಲೇಡಿ ಮ್ಯಾಕ್‌ಬೆತ್‌ಳ ಅಂಗೈ ಬಗ್ಗೆ ಮೇಲೆ ಬರೆದದ್ದನ್ನು ಇನ್ನೊಂದು ಸಲ ಓದಿ.