ಕೇರಳದಲ್ಲಿದ್ದು ಕನ್ನಡ ಮೀಡಿಯಂ ಹೇಗೆ ಅಂತ ಕೇಳಿದ್ರಲ್ಲ, ಕಾಸರಗೋಡಿನಿಂದ ಉತ್ತರ

ಬೆಂಗಳೂರು ಕಡೆಯವರು ಹೆಚ್ಚಾಗಿ ಕೇಳುದು ಇದೇ. ಮೊದಲು ಒಂದು ವಿಷಯ ಗೊತ್ತಿರ್ಲಿ, ಇಲ್ಲಿ ಕನ್ನಡ ಮೀಡಿಯಂಗೆ ಹೋಗುವ ಎಷ್ಟೋ ಮಕ್ಕಳ ಮನೆಭಾಷೆ ಕನ್ನಡ ಅಲ್ಲ. ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ಮನೆಗೊಂದು ಮಾತು, ಓದು ಬರಹ ಮಾತ್ರ ಕನ್ನಡದಲ್ಲಿ. ಇದು ಹೊಸತಲ್ಲ. ಹಿಂದೆ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು ಆಗಿತ್ತು, ಶಾಲೆ ಅಂದ್ರೆ ಕನ್ನಡ ಅಂತಲೇ ಇತ್ತು, ಮಂಜೇಶ್ವರ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಬಿರುದು ಕೊಟ್ಟದ್ದೂ ಮದ್ರಾಸ್ ಸರ್ಕಾರವೇ.

1956 ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು. 1967ರಲ್ಲಿ ರಾಜ್ಯಗಳ ಗಡಿ ತಕರಾರು ನೋಡ್ಲಿಕ್ಕೆ ನೇಮಿಸಿದ್ದ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗ್ಬೇಕು ಅಂತ ಹೇಳಿತು, ಹೋಗ್ಲಿಲ್ಲ. ಆದ್ರೆ ಅದೇ 1956ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 350ಎ ವಿಧಿ ಬಂತು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರೈಮರಿಯಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಮಾಡ್ಬೇಕು ಅಂತ. ನಮ್ಮ ಶಾಲೆಗಳ ಬುಡ ಇರುದು ಅಲ್ಲಿ.

ಈಗ ನಡೆಯುವ ರೀತಿ ಹೇಳ್ತೇನೆ. ಒಂದೇ ಕಟ್ಟಡ, ಒಬ್ಬರೇ ಹೆಡ್‌ಮಾಸ್ಟ್ರು, ಒಳಗೆ ಕನ್ನಡ ಡಿವಿಶನ್ ಬೇರೆ ಮಲಯಾಳಂ ಡಿವಿಶನ್ ಬೇರೆ, ಹಾಗಿರುವ ಶಾಲೆ ತುಂಬಾ ಉಂಟು. ಸಿಲೆಬಸ್ ಕೇರಳದ್ದೇ, ಟೆಕ್ಸ್ಟ್‌ಬುಕ್ ಕನ್ನಡದಲ್ಲಿ ಬರ್ತದೆ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಕೂಡ ಕನ್ನಡದಲ್ಲಿ. ಕೇರಳದ ಶಾಲಾ ಮಕ್ಕಳ ಸ್ಟೇಟ್ ಕಲೋತ್ಸವದಲ್ಲಿ ಯಕ್ಷಗಾನ, ಕನ್ನಡ ಭಾಷಣ, ಕನ್ನಡ ಪದ್ಯ ಎಲ್ಲ ಸ್ಪರ್ಧೆ ಉಂಟು, ಇಷ್ಟು ಮಾಡಿಕೊಟ್ಟದ್ದಕ್ಕೆ ಕೇರಳಕ್ಕೆ ಕ್ರೆಡಿಟ್ ಕೊಡ್ಲೇಬೇಕು, ಹೊರಗಿಂದ ನೋಡುವವರಿಗೆ ಇದು ಗೊತ್ತೇ ಇರುದಿಲ್ಲ.

ಕಷ್ಟ ಇರುದು ಟೀಚರ್ ವಿಷಯದಲ್ಲಿ. 1957ರಲ್ಲಿ ಕೇರಳದ ಮುಖ್ಯಮಂತ್ರಿ ಇಎಂಎಸ್ ನಂಬೂದಿರಿಪಾಡ್ ಸರ್ಕಾರದ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ಒಂದು ಬಿಲ್ ತಂದ್ರು, ಖಾಸಗಿ ಮ್ಯಾನೇಜ್‌ಮೆಂಟ್ ಶಾಲೆಗಳ ಮೇಲೆ ಹಿಡಿತ ತರ್ಲಿಕ್ಕೆ, ಅದರ ಗಲಾಟೆ ಎಷ್ಟು ದೊಡ್ಡದಾಯ್ತು ಅಂದ್ರೆ 1959ರಲ್ಲಿ ಸರ್ಕಾರವನ್ನೇ ವಜಾ ಮಾಡಿದ್ರು. ಕೊನೆಗೆ ಉಳಿದ ಏಡೆಡ್ ಪದ್ಧತಿಯಲ್ಲಿ ಸಂಬಳ ಸರ್ಕಾರ ಕೊಡುದು, ನೇಮಕ ಮ್ಯಾನೇಜರ್ ಮಾಡುದು. ಇದರಲ್ಲಿ ದುಡ್ಡಿನ ವ್ಯವಹಾರದ ದೂರು ಉಂಟು, ಅದು ಸುಳ್ಳಲ್ಲ, ಆದ್ರೆ ನಮ್ಮ ಮಟ್ಟಿಗೆ ಊರಿನ ಮ್ಯಾನೇಜರ್ ಊರಿನ ಕನ್ನಡ ಬಲ್ಲವರನ್ನೇ ತಗೊಳ್ತಾರೆ, ಹಾಗಾಗಿ ಕನ್ನಡ ಗಟ್ಟಿಯಾಗಿ ನಿಂತದ್ದು ಏಡೆಡ್ ಶಾಲೆಗಳಲ್ಲೇ ಅಂತ ನನಗೆ ಅನಿಸುದು. ಸರ್ಕಾರಿ ಶಾಲೆಗೆ ಟೀಚರ್ ಬರುದು ಪಿಎಸ್‌ಸಿ, ಅಂದ್ರೆ ಕೇರಳದ ಲೋಕಸೇವಾ ಆಯೋಗದ ಲಿಸ್ಟಿಂದ. ಕನ್ನಡ ಡಿವಿಶನ್‌ಗೆ ಕನ್ನಡ ಬಾರದ ಟೀಚರನ್ನು ಹಾಕಿ, ಮಕ್ಕಳೂ ಪೋಷಕರೂ ಗೇಟಿನ ಹತ್ರ ಕೂತು ಪ್ರತಿಭಟನೆ ಮಾಡಿದ್ದು ಒಂದೆರಡು ಸಲ ಅಲ್ಲ. ಆ ಮಗುವಿನ ಅವಸ್ಥೆ ನೋಡಿ, ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ, ಎದುರು ನಿಂತು ಭಿನ್ನರಾಶಿ ಹೇಳಿಕೊಡುವವರ ಬಾಯಲ್ಲಿ ಮಲಯಾಳಂ, ಅದಕ್ಕೆ ಗಣಿತ ತಲೆಗೆ ಹತ್ತುದಾದ್ರೂ ಹೇಗೆ ಮಾರಾಯ್ರೆ? 2017ರಲ್ಲಿ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿ ಅಷ್ಟು ದೊಡ್ಡ ಹೋರಾಟ ಆಯ್ತಲ್ಲ, ಅದು ಮಲಯಾಳಂ ಮೇಲಿನ ದ್ವೇಷದಿಂದ ಅಲ್ಲ, ಪೇಟೆಯಲ್ಲಿ ನಾವೆಲ್ಲ ಮಲಯಾಳಂ ಮಾತಾಡುವವರೇ.

ಹತ್ತು, ಪ್ಲಸ್ ಟೂ ಆದ್ಮೇಲೆ ಸುಮಾರು ಮಕ್ಕಳ ಮುಖ ಮಂಗಳೂರಿಗೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರು ಅಂತ ನಮಗೆ ಅರ್ಹತೆ ಉಂಟು, ಕನ್ನಡ ಪರೀಕ್ಷೆ ಪಾಸಾಗ್ಬೇಕು. ಇದು ಗೊತ್ತಿಲ್ಲದೆ ಚಾನ್ಸ್ ಕಳ್ಕೊಂಡ ಮಕ್ಕಳಿದ್ದಾರೆ, ನಿಮ್ಮ ಪರಿಚಯದವರು ಈ ಕಡೆ ಇದ್ರೆ ದಯವಿಟ್ಟು ಹೇಳಿ.

ಈಗಿನ ದೊಡ್ಡ ಹೆದರಿಕೆ ಇಂಗ್ಲಿಷ್ ಮೀಡಿಯಂದು. ಜೂನಲ್ಲಿ ಶಾಲೆ ಸುರುವಾಗಿ ಆರನೇ ವರ್ಕಿಂಗ್ ಡೇಗೆ ಮಕ್ಕಳ ಲೆಕ್ಕ ತಗೊಳ್ತಾರೆ, ಆ ಲೆಕ್ಕದ ಮೇಲೆ ಟೀಚರ್ ಪೋಸ್ಟ್ ನಿಲ್ಲುದು. ಮಕ್ಕಳು ಕಮ್ಮಿಯಾದ್ರೆ ಡಿವಿಶನ್ ಹೋಯ್ತು, ಒಮ್ಮೆ ಹೋದ್ರೆ ವಾಪಸ್ ತರುದು ಭಾರೀ ಕಷ್ಟ. ಅದಕ್ಕೇ ಬೇಸಿಗೆ ರಜೆಯಲ್ಲೇ ಟೀಚರ್‌ಗಳು ಮನೆಮನೆಗೆ ಹೋಗಿ ನಿಮ್ಮ ಮಗುವನ್ನು ಕನ್ನಡ ಡಿವಿಶನ್‌ಗೆ ಸೇರಿಸಿ ಅಂತ ಕೇಳ್ತಿರ್ತಾರೆ.